ಪ್ಲೀಸ್ ಇಲ್ಲದ ಸ್ಟಾಪ್

ಬಂದೂಕು ಸುರಕ್ಷತೆ ಕಲಿಸುವ ತರಬೇತುದಾರರ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದದ್ದು ಗುರಿ ತಪ್ಪಿ ಅಲ್ಲ, ವಿನಯ ಹೆಚ್ಚಾಗಿ.

ವಡೋದರಾದ ಹೊರಗಿರುವ ನಮ್ಮ ರೈಫಲ್ ಕ್ಲಬ್ಬಿನಲ್ಲಿ ಅವತ್ತು ನನ್ನ ಕೆಲಸ ಇಷ್ಟೇ: ಗುಂಡು ಹಾರಿಸುವವರ ಹಿಂದೆ ನಿಂತು ಅವರ ಕೈಗಳ ಮೇಲೆ ಕಣ್ಣಿಡುವುದು, ತಪ್ಪು ಕಂಡರೆ ತಡೆಯುವುದು. ಪರೀಕ್ಷಕರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು. ಅವರು ಮೊದಲೇ ಹೇಳಿಟ್ಟಿದ್ದಂತೆ ಸದಸ್ಯರೊಬ್ಬರು ಖಾಲಿ ರೈಫಲ್ ಹಿಡಿದು ನನ್ನ ಕಡೆ ತಿರುಗಿದರು. ನಾನು, "ಏಕ್ ಮಿನಿಟ್ ಭಾಯ್, ಜರಾ ರುಕಿಯೇ ಪ್ಲೀಸ್" ಅಂದೆ. ಸದ್ದು ತಡೆಯಲು ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ ಅವರಿಗೆ ಅದು ಕೇಳಿಸಲೇ ಇಲ್ಲ.

ಸುಬೇದಾರರು ಹಿಂದಿಯಲ್ಲಿ ಹೇಳಿದರು: "ಬೆಹೆನ್, ಮದುವೆ ಊಟದಲ್ಲಿ ಇನ್ನೊಂದು ಪೂರಿ ಹಾಕಿಸಿಕೊಳ್ಳಿ ಅಂದಹಾಗಿತ್ತು. ನೀವು ಪ್ಲೀಸ್ ಅನ್ನೋದರೊಳಗೆ ಗುಂಡು ಹೋಗಿ ಊರು ಸೇರಿರುತ್ತೆ. ದನಿ ಮಾಡಿಕೊಂಡು ಮತ್ತೆ ಬನ್ನಿ."

ನನಗೆ ಆ ಸರ್ಟಿಫಿಕೇಟು ಬೇಕೇ ಬೇಕಿತ್ತು. ಅದಿಲ್ಲದೆ ನಮ್ಮಲ್ಲಿ ಹೊಸಬರ ಕೈಗೆ ರೈಫಲ್ ಕೊಡುವಂತಿಲ್ಲ. ಮಕರಪುರದ ಕಾರ್ಖಾನೆಯಲ್ಲಿ ನನ್ನ ಜೊತೆ ಸ್ವಿಚ್ಚುಗಳ ಗುಣಮಟ್ಟ ಪರೀಕ್ಷಿಸುವ ಹುಡುಗಿಯರು, "ದೀದಿ, ನೀವೇ ಕಲಿಸೋದಾದರೆ ಬರ್ತೀವಿ" ಅಂತ ಕಾದು ಕೂತಿದ್ದರು.

ಗುರಿಯ ಹುಚ್ಚು ನನಗೆ ಚಿಕ್ಕಂದಿನದು. ಗದಗ ಸೀಮೆಯಲ್ಲಿ ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಅವ್ವ ಗೌಡರ ಹೊಲದ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದಳು. ಕಲ್ಲು ಆರಿಸಿ ಕೊಡುತ್ತಾ ನಾನೂ ಬೀಸುವುದನ್ನು ಕಲಿತೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದು, ಸುಳ್ಳು ಯಾಕೆ, ಪರೇಡಿನ ನಂತರ ಕೊಡುತ್ತಿದ್ದ ಉಪ್ಪಿಟ್ಟಿನ ಆಸೆಗೆ. ಅಲ್ಲಿ ಮೊದಲ ಸಲ ರೈಫಲ್ ಹಿಡಿದಾಗ, ಹಾರಿಸಿದ ಗುಂಡುಗಳೆಲ್ಲ ಒಂದು ರೂಪಾಯಿಯ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಉಪ್ಪಿಟ್ಟು ಮರೆತೇಹೋಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಕೇಳದವರಿಗೂ ಹೇಳುತ್ತೇನೆ. ಆದರೆ ಡಿಗ್ರಿಯ ಜೊತೆಗೆ ಮೆತ್ತಗೆ ಮಾತಾಡುವುದೂ ಅಂಟಿಕೊಂಡಿತು. ಹಾಸ್ಟೆಲ್ಲು, ಇಂಟರ್‌ವ್ಯೂ, ಕಾರ್ಖಾನೆ, ಎಲ್ಲ ಕಡೆ ಸಾರಿ, ಪ್ಲೀಸ್, ಸರ್. ಹೊಲದ ದನಿ ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಆ ಚಳಿಗಾಲ ಅವ್ವ ನನ್ನ ಮನೆಗೆ ಬಂದಿದ್ದಳು. ನಾನು ಕನ್ನಡಿ ಮುಂದೆ ನಿಂತು "ಸ್ಟಾಪ್" ಅನ್ನುವುದನ್ನು ಎರಡು ದಿನ ನೋಡಿದಳು.

"ಯಾಕ ತಂಗಿ, ಗಂಟಲ ಕಟ್ಟೇತೇನ?"

"ಇಲ್ಲ ಬೇ, ಪರೀಕ್ಷಾಕ್ಕ ತಯಾರಿ. ದೊಡ್ಡ ದೊಡ್ಡ ಸಾಹೇಬ್ರು ಬರ್ತಾರ ಅಲ್ಲಿ. ಅವರಿಗೆ ಹೆಂಗ ಒದರೂದು?"

"ನಾ ಕವಣಿ ಬೀಸೂ ಮುಂದ ಗೌಡ್ರು ಹಾದ್ಯಾಗ ಬಂದ್ರ ಏನ ಮಾಡತಿದ್ದೆ? 'ನಿಂದರ್ರೀ ಅಲ್ಲೇ' ಅಂತ ಒದರತಿದ್ದೆ. ತಲಿ ಉಳೀತಂತ ನಕ್ಕೋಂತ ಹೋಗತಿದ್ರು. ಗೌಡ್ರಾದ್ರೇನು, ಕಲ್ಲಿಗೆ ಗೊತ್ತಾಕ್ಕತೇನ?"

ಅಷ್ಟರಲ್ಲಿ ಉತ್ತರಾಯಣ ಬಂತು, ಇಲ್ಲಿಯವರ ಸಂಕ್ರಾಂತಿ. ಊರಿಗೆ ಊರೇ ಮಾಳಿಗೆ ಏರಿ ಗಾಳಿಪಟ ಹಾರಿಸುತ್ತಾ, ಇನ್ನೊಬ್ಬರ ಪಟದ ದಾರ ಕತ್ತರಿಸಿದಾಗೆಲ್ಲ "ಕಾಪ್ಯೋ", ಕತ್ತರಿಸಿದೆ, ಅಂತ ಅರಚುತ್ತಿತ್ತು. ಬಂದಾಗಿನಿಂದ ಬಾಲ್ಕನಿಯಲ್ಲಿ ಮುದುಡಿ ಕೂತಿದ್ದ ಅವ್ವ ಮೊದಲ ಸಲ ಅರಳಿದಳು. "ಇವರೂ ನಮ್ಮಂಗ ಒದರತಾರ ಬಿಡು" ಅಂದವಳೇ ಸೆರಗು ಸಿಕ್ಕಿಸಿ, ಹಕ್ಕಿ ಓಡಿಸುವ ಕೂಗು ಹಾಕಿದಳು. ಪಕ್ಕದ ಮಾಳಿಗೆಯವರೆಲ್ಲ ಇತ್ತ ತಿರುಗಿದರು. ಆಮೇಲೆ ಅಲ್ಲಿಂದ, "ಬಾ, ಫರೀಥೀ" ಎಂದು, ಗುಜರಾತಿಯಲ್ಲಿ ಅವ್ವನನ್ನು ಅಮ್ಮ ಎಂದು ಕರೆದು, ಮತ್ತೊಮ್ಮೆ ಕೂಗಲು ಹೇಳಿ ಚಪ್ಪಾಳೆ ತಟ್ಟಿದರು. ಅವ್ವ ನನ್ನನ್ನು ಮುಂದೆ ತಳ್ಳಿದಳು. ನನ್ನ ಮೊದಲ ಕೂಗು ಅರ್ಧಕ್ಕೇ ಒಡೆಯಿತು. ಸಂಜೆ ಹೊತ್ತಿಗೆ ಪಕ್ಕದ ಮಾಳಿಗೆಯವರು ನನಗೂ ಚಪ್ಪಾಳೆ ತಟ್ಟಿದರು.

ಎರಡನೇ ಪರೀಕ್ಷೆಯ ದಿನ ಸುಬೇದಾರರ ನಾಟಕಕ್ಕೆ ಅವಕಾಶವೇ ಸಿಗಲಿಲ್ಲ. ಗುಂಡು ಹಾರಿಸುವವರ ಸಾಲಿನಲ್ಲಿ ನಮ್ಮ ಕಾರ್ಖಾನೆಯ ಜನರಲ್ ಮ್ಯಾನೇಜರ್ ಇದ್ದರು, ಹೊಸದಾಗಿ ಸದಸ್ಯರಾದವರು. ಅವರ ರೈಫಲ್ಲಿನಲ್ಲಿ ಗುಂಡು ಸಿಕ್ಕಿಕೊಂಡಿತು. ಏನು ಮಾಡಲಿ ಎಂದು ಕೇಳಲು ರೈಫಲ್ ಸಮೇತ ನನ್ನತ್ತ ತಿರುಗತೊಡಗಿದರು. ನಾಲಿಗೆ ತುದಿಗೆ "ಸರ್" ಬಂದಿತ್ತು. ನಳಿಗೆ ಪಕ್ಕದವರ ಸೊಂಟದ ಕಡೆ ಬರುತ್ತಿತ್ತು.

"ಸ್ಟಾಪ್!"

ಇಂಗ್ಲಿಷ್ ಪದ, ಅವ್ವನ ದನಿ. ಇಡೀ ಸಾಲು ಕಲ್ಲಾಯಿತು. ಹಿಂದಿನ ಕ್ಲಬ್ ಕ್ಯಾಂಟೀನಿನವರು ತಮಗೇ ಹೇಳಿದ್ದೆಂದು ಚಹಾದ ಒಲೆ ಆರಿಸಿಬಿಟ್ಟರು. "ನಳಿಗೆ ಗುರಿ ಕಡೆ. ಟ್ರಿಗರಿನಿಂದ ಬೆರಳು ಹೊರಗೆ. ಕೆಳಗಿಡಿ" ಅಂದೆ. ಮ್ಯಾನೇಜರ್ ಹೇಳಿದಂತೆ ಮಾಡಿ ಹಿಂದೆ ಸರಿದರು. ನಾನು ಗುಂಡು ತೆಗೆದು, ರೈಫಲ್ಲಿನೊಳಗೆ ಗುಂಡು ಕೂರುವ ಗೂಡು ಖಾಲಿಯೆಂದು ತೋರಿಸಿ ಕೇಳಿದೆ, "ಈಗ ಹೇಳಿ ಸರ್, ಏನು ಕೇಳಬೇಕಿತ್ತು?"

"ಮರೆತೇಹೋಯಿತು" ಎಂದು ಅವರು ನಕ್ಕರು. "ಮೀಟಿಂಗ್‌ನಲ್ಲಿ ಈ ದನಿ ಎಲ್ಲಿಟ್ಟಿರ್ತೀರಿ?"

ಸುಬೇದಾರರು ಸಹಿ ಹಾಕುತ್ತಾ, "ಇವತ್ತು ಪೂರಿ ಬಡಿಸಲಿಲ್ಲ" ಅಂದರು.

ಊರಿಗೆ ಮರಳಿದ್ದ ಅವ್ವನಿಗೆ ಫೋನ್ ಮಾಡಿದೆ. "ಪಾಸಾದೆ ಬೇ. ನಮ್ಮ ದೊಡ್ಡ ಸಾಹೇಬ್ರಿಗೇ ಒದರಿದೆ."

"ಬೈದ್ರೇನ?"

"ಇಲ್ಲ, ನಕ್ರು."

"ನಗದ ಏನ ಮಾಡ್ತಾರ, ಜೀವ ಉಳದಿರತೈತಿ" ಅಂದಳು.

ಮುಂದಿನ ಭಾನುವಾರ ಹುಡುಗಿಯರು ಬಂದರು. ರೈಫಲ್ ಮುಟ್ಟುವ ಮೊದಲು ಒಬ್ಬೊಬ್ಬರಿಂದಲೂ "ಸ್ಟಾಪ್" ಅನ್ನಿಸಿದೆ. ಮೊದಲನೆಯವಳು ಪಿಸುಗುಟ್ಟಿದಳು. ಕೊನೆಯವಳ ಕೂಗಿಗೆ ಕ್ಯಾಂಟೀನಿನವರು ಕಿಟಕಿಯಿಂದ ತಲೆ ಹಾಕಿ ಕೇಳಿದರು: "ಮೇಡಮ್, ಚಹಾ ಕುದಿಯೋಕೆ ಬಿಡ್ತೀರಾ, ಇಲ್ಲ ಒಲೆ ಆರಿಸಲಾ?"