ಒಳ್ಳೆಯ ಪ್ರಶ್ನೆಗೆ ಪುಡಿಯಾದ ಬಂಡೆ

ಎರಡು ತಿಂಗಳ ಹಿಂದೆ ನಾನು ಒಂದು ಸಭೆಯಲ್ಲಿ ಬಹಳ ಒಳ್ಳೆಯ ಪ್ರಶ್ನೆ ಕೇಳಿದೆ. ಅದರ ಫಲವಾಗಿ ಹೆಗ್ಗಡದೇವನಕೋಟೆ ಕಡೆಯ ಒಂದು ಬಂಡೆ ಜಲ್ಲಿಯಾಗಿ ರಸ್ತೆಗೆ ಬಿತ್ತು.

ಪ್ರಶ್ನೆಗೂ ಬಂಡೆಗೂ ಏನು ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ. ಹೇಳದೇ ಇರಲು ನೋಡಿದೆ. ಇಷ್ಟು ವಾರ ಈ ಅಂಕಣದಲ್ಲಿ ಮೈಸೂರು ಬಸ್ಸು, ಹೋಟೆಲಿನ ಕಾಫಿ, ನೆಂಟರ ಕಾಟ ಎಂದು ಏನೇನೋ ಬರೆದು ತಪ್ಪಿಸಿಕೊಂಡೆ. ಇನ್ನು ಆಗದು.

ಚೆಲುವರಾಜು ನನ್ನ ಕಾಲೇಜು ಗೆಳೆಯ. ಮೈಸೂರಿನಲ್ಲಿ ಇಬ್ಬರದೂ ಒಂದೇ ಬೆಂಚು, ಒಂದೇ ರೂಮು. ಕೆಮಿಸ್ಟ್ರಿಯಲ್ಲಿ ನನಗೆ ಅವನಿಗಿಂತ ಹನ್ನೊಂದು ಮಾರ್ಕು ಜಾಸ್ತಿ. (ಇದು ಇವತ್ತಿಗೂ ನನ್ನ ನೆನಪಿನಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಿ.) ಅವನು ಜಿಯಾಲಜಿ ಸೇರಿದಾಗ, "ಕಲ್ಲು ಒಡೆಯೋಕೂ ಡಿಗ್ರಿ ಬೇಕೇನೋ?" ಎಂದು ನಕ್ಕಿದ್ದೆ. ಅವನೂ ನಕ್ಕಿದ್ದ. ಆಮೇಲೆ ನಾನು ಹುಣಸೂರಿನಲ್ಲಿ ಸೈನ್ಸ್ ಮೇಷ್ಟ್ರಾದೆ. ಅವನು ಸುತ್ತಿಗೆ ಹಿಡಿದು ದೇಶ ಸುತ್ತಿದ.

ಈಗ ಬಂದ. ಜೀಪಿನಲ್ಲಿ ಬಂದ.

ಕಾಲಿಗೆ ಬೂಟು, ಮೈಗೆ ಖಾಕಿ ಬುಷ್ ಷರ್ಟು, ಬಿಸಿಲಿಗೆ ಸುಟ್ಟ ಮುಖ. ಹೆಗ್ಗಡದೇವನಕೋಟೆ ಕಡೆಯ ಒಂದು ಊರಿನ ಗುಡ್ಡದಿಂದ ಕಲ್ಲು ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದ್ದನಂತೆ. ಮುನ್ನೂರು ಕೋಟಿ ವರ್ಷ ಹಳೆಯದು ಎಂದು ಉತ್ತರ ಬಂದಿತ್ತು. ಪೇಪರಿನಲ್ಲಿ ಅವನ ಹೆಸರೂ ಬಂತು. ನನ್ನ ಹೆಂಡತಿ ಸರೋಜ ಆ ತುಂಡನ್ನು ಕತ್ತರಿಸಿ ಗಣಪತಿ ಪಟದ ಪಕ್ಕ ಅಂಟಿಸಿದಳು. ನಾನು ವಾರಾವಾರ ಬರೆಯುತ್ತೇನೆ. ನನ್ನದು ಯಾವತ್ತಾದರೂ ಗಣಪತಿಯ ಹತ್ತಿರ ಹೋಗಿದೆಯೇ? ನನ್ನ ಅಂಕಣದಲ್ಲಿ ಅವಳು ಹುರಿಗಡಲೆ ಕಟ್ಟುತ್ತಾಳೆ.

ನಮ್ಮ ಸ್ಕೂಲಿನಲ್ಲಿ ಅವನ ಭಾಷಣ ಏರ್ಪಾಟಾಯಿತು. ಅಧ್ಯಕ್ಷತೆ ನನ್ನದು. ಸುತ್ತಮುತ್ತಲ ಊರಿನವರೂ ಬಂದಿದ್ದರು. ಆ ಗುಡ್ಡದ ಊರಿನ ಪಂಚಾಯ್ತಿ ಛೇರ್ಮನ್ ಕಾಳೇಗೌಡರು ಮುಂದಿನ ಸಾಲಿನಲ್ಲಿದ್ದರು. ಅವರು ಬಂದದ್ದಕ್ಕೆ ಕಾರಣವಿತ್ತು. ಊರಿನ ರಸ್ತೆಗೆ ಜಲ್ಲಿ ಬೇಕಾಗಿತ್ತು, ಅದಕ್ಕೆ ಆ ಗುಡ್ಡವನ್ನೇ ಗುರುತು ಮಾಡಿದ್ದರು. ಚೆಲುವರಾಜು, "ಗುಡ್ಡ ಪೂರ್ತಿ ಬೇಡ, ಪಡುವಣ ಮಗ್ಗುಲ ಒಂದು ಬಂಡೆ ಮಾತ್ರ ಬಿಡಿ" ಎಂದು ಕೇಳಿದ್ದ. "ನೋಡನ, ನೀವೇನ್ ಯೋಳ್ತೀರೋ ಕೇಳ್ಬುಟ್ಟು ತೀರ್ಮಾನ ಮಾಡನ" ಎಂದಿದ್ದರು ಗೌಡರು.

ಅವನು ಮಾತಾಡಿದ. ಕಲ್ಲಿನೊಳಗಿನ ಕೆಲವು ಧಾತುಗಳು ತಮ್ಮ ಪಾಡಿಗೆ ತಾವು ಸವೆದು ಬೇರೆ ಧಾತುವಾಗುತ್ತವೆ. ಸವೆಯುವ ವೇಗ ಗೊತ್ತು. ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಕ್ಕುತ್ತದೆ. ಇಷ್ಟೇ ವಿಷಯ. ಇದನ್ನು ನಾನು ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನ್ನ ಕ್ಲಾಸಿನಲ್ಲಿ ಆಕಳಿಸುವ ಮಕ್ಕಳು ಅಲ್ಲಿ ಬಾಯಿ ತೆರೆದು ಕೂತಿದ್ದರು. ಹೆಡ್ಮಾಸ್ಟರು ನೋಟ್ಸ್ ಬರೆದುಕೊಳ್ಳುತ್ತಿದ್ದರು. ನನ್ನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ಅದಕ್ಕೆ ಕನ್ನಡದಲ್ಲಿ ಕಿಚ್ಚು ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ.

ಲೈಬ್ರರಿಯಲ್ಲಿ ಒಂದು ಹಳೆಯ ವಿಜ್ಞಾನ ಮ್ಯಾಗಜೀನ್ ಓದಿದ್ದೆ. ಮೊನ್ನೆ ಮೊನ್ನೆ ಜ್ವಾಲಾಮುಖಿಯಿಂದ ಉಕ್ಕಿದ ಕಲ್ಲಿಗೂ ಇದೇ ವಿಧಾನದಲ್ಲಿ ಲಕ್ಷಾಂತರ ವರ್ಷದ ವಯಸ್ಸು ಬಂದದ್ದುಂಟು ಎಂದು ಅದರಲ್ಲಿತ್ತು. ಅದನ್ನು ಎಂಟು ದಿನದಿಂದ ಮಡಿಲಲ್ಲಿ ಕಟ್ಟಿಕೊಂಡಿದ್ದೆ. ಅವನು ಕೂತ ಕೂಡಲೇ ಎದ್ದು ನಿಂತು ಅದನ್ನು ಸಭೆಗೆ ಹೇಳಿದೆ.

"ಹಾಗಾದರೆ ಈ ಮುನ್ನೂರು ಕೋಟಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು? ಈ ವಿಧಾನ ತಪ್ಪುವುದಿಲ್ಲವೇ?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಖಂಡಿತ ತಪ್ಪುತ್ತೆ. ಇದೇ ಬಂಡೆಗೆ ಮೊದಲ ಸಲ ಬಂದ ಲೆಕ್ಕ ತಪ್ಪಾಗಿತ್ತು."

ಸಭೆ ನಕ್ಕಿತು.

"ಯಾಕೆ ತಪ್ಪಾಯ್ತು ಅಂದ್ರೆ..." ಎಂದು ಅವನು ಮುಂದುವರಿಸುವಷ್ಟರಲ್ಲಿ ನಾನು ಮೇಜಿನ ಮೇಲಿದ್ದ ಗಂಟೆ ಒತ್ತಿದೆ. ಸಮಯ ಮೀರಿದೆ, ದೂರದವರಿಗೆ ಬಸ್ಸು ತಪ್ಪುತ್ತದೆ ಎಂದೆ. ವಂದನಾರ್ಪಣೆ ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನನಗೆ ಗೊತ್ತಿತ್ತು.

ಬಾಗಿಲಲ್ಲಿ ಕಾಳೇಗೌಡರು ನನ್ನ ಕೈ ಹಿಡಿದುಕೊಂಡರು. "ಒಳ್ಳೇದ್ ಕೇಳುದ್ರಿ ಕಣ್ರೀ ಮೇಷ್ಟ್ರೇ. ಇಲ್ದಿದ್ರೆ ನಾವು ಸುಮ್ನೆ ನಂಬ್ಬುಡ್ತಿದ್ದೋ." ಆ ಮಾತನ್ನು ಮನೆವರೆಗೂ ಚಪ್ಪರಿಸಿಕೊಂಡು ಬಂದೆ.

ಚೆಲುವರಾಜು ಇಳಿದುಕೊಂಡಿದ್ದದ್ದು ನಮ್ಮ ಮನೆಯಲ್ಲೇ. ಮಾರನೆಯ ಬೆಳಿಗ್ಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. (ನಮ್ಮಿಬ್ಬರಿಗೇ ಆದರೆ ಉಪ್ಪಿಟ್ಟು.) ರೊಟ್ಟಿ ತಟ್ಟುತ್ತಾ ಸರೋಜ ಕೇಳಿದಳು: "ಅಲ್ಲಣ್ಣ, ನಿಮ್ ಲೆಕ್ಕ ಯಾಕ್ ತಪ್ಪೋಯ್ತು?"

ಸರೋಜಳ ತವರು ಗಾವಡಗೆರೆ. ಅವರಪ್ಪ ಹೊಗೆಸೊಪ್ಪು ಬೆಳೆಯುವವರು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಕೋಣೆಯೊಳಗೆ ತೂಗಿಹಾಕಿ, ಬಾಗಿಲು ಮುಚ್ಚಿ, ದಿನಗಟ್ಟಲೆ ಸೌದೆ ಉರಿಯಲ್ಲಿ ಬೇಯಿಸುತ್ತಾರೆ. ಅದು ಅವನಿಗೂ ಗೊತ್ತಿತ್ತು.

"ಅತ್ತಿಗೆ, ಎಷ್ಟು ದಿನ ಬೆಂದಿದೆ ಅಂತ ನಿಮ್ಮಪ್ಪ ಸೊಪ್ಪು ನೋಡೇ ಹೇಳ್ತಾರಲ್ವಾ?"

"ನರ ಮುರುದ್ ನೋಡುದ್ರೆ ಸಾಕು, ಯೋಳ್ಬುಡ್ತಾರೆ."

"ಮಧ್ಯೆ ಯಾರಾದ್ರೂ ಬಾಗಿಲು ತೆಗೆದಿದ್ರೆ?"

"ಲೆಕ್ಕ ತಪ್ತದೆ. ಆದ್ರೆ ಅದೂ ತಿಳೀತದೆ ಬುಡಿ. ಬಾಗ್ಲತ್ರದ ಕಡ್ಡಿ ಒಂತರ ಇರ್ತದೆ, ಒಳಗಿಂದು ಒಂತರ ಇರ್ತದೆ. ನಾಕ್ ಕಡೆಯಿಂದ ಕಿತ್ತು ನೋಡ್ಬೇಕು."

ಚೆಲುವರಾಜು ರೊಟ್ಟಿ ಕೆಳಗಿಟ್ಟ. "ನಾನು ಮಾಡಿದ್ದೂ ಅದೇ. ಮೊದಲು ಕಳಿಸಿದ್ದು ಮಳೆ ಬಿಸಿಲಿಗೆ ಬಾಗಿಲು ತೆರೆದುಕೊಂಡಿದ್ದ ಕಲ್ಲು. ಆಮೇಲೆ ಒಳಗಿನಿಂದ, ಬೇರೆ ಬೇರೆ ಕಡೆಯಿಂದ ತೆಗೆದೆ. ಎಲ್ಲಾ ಒಂದೇ ಮಾತು ಹೇಳಿದ್ವು."

ಆಮೇಲೆ ಆ ಬಂಡೆಯ ಗುಟ್ಟು ಹೇಳಿದ. ಅಲ್ಲಿ ಕಪ್ಪು ಕಲ್ಲನ್ನು ಸೀಳಿಕೊಂಡು ಒಂದು ಬಿಳಿ ಪಟ್ಟೆ ಹೋಗಿದೆಯಂತೆ. ಸೀಳಿದ್ದು ಬಿಳಿ. ಅಂದ ಮೇಲೆ ಕಪ್ಪು ಮೊದಲೇ ಇತ್ತು, ಬಿಳಿ ಆಮೇಲೆ ಬಂತು. ಇದಕ್ಕೆ ಲ್ಯಾಬು ಬೇಡ, ಕಣ್ಣು ಸಾಕು. ಲ್ಯಾಬಿನ ಅಂಕಿ ಏನೇ ಬರಲಿ, ಈ ಕಣ್ಣಿನ ಸಾಕ್ಷಿಗೆ ಹೊಂದಬೇಕು. ಮೊದಲ ಲೆಕ್ಕದಲ್ಲಿ ಬಿಳಿಯೇ ಹಳೆಯದು ಎಂದು ಬಂದಿತ್ತು. ಅದು ತಪ್ಪೆಂದು ಅವನಿಗೆ ಹೇಳಿಕೊಟ್ಟದ್ದೇ ಆ ಬಂಡೆ. "ಲೆಕ್ಕ ನಂಬಬಹುದಾ ಅಂತ ನಿನ್ನೆ ಇವನು ಕೇಳಿದ್ನಲ್ಲ, ಅದಕ್ಕೆ ಉತ್ತರ ಇರೋದು ಅಲ್ಲೇ. ಅದಕ್ಕೇ ಬಿಡಿ ಅಂತ ಕೇಳ್ಕೊಂಡಿದ್ದು."

"ಮತ್ತೆ ಸಭೇಲಿ ಇದ್ನೇ ಯೋಳ್ಬೋದಿತ್ತಲ್ಲಣ್ಣ?"

ಅವನು ನನ್ನ ಕಡೆ ನೋಡಿದ. ಆಮೇಲೆ ತಟ್ಟೆ ಕಡೆ ನೋಡಿದ. "ಟೈಮಿರಲಿಲ್ಲ ಅತ್ತಿಗೆ."

ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಜೀಪಿನ ಹತ್ತಿರ ಒಂದೇ ಮಾತು ಹೇಳಿದ: "ಗೌಡ್ರಿಗೆ ನಿನ್ ಮಾತು ಅಂದ್ರೆ ವಿಶ್ವಾಸ ಕಣೋ. ಒಂದ್ಸಲ ಹೋಗಿ ಹೇಳು." ಹೋಗುತ್ತೇನೆ ಎಂದೆ.

ಹೋಗಲಿಲ್ಲ. ಮೊದಲ ವಾರ ಪರೀಕ್ಷೆ ಇತ್ತು. ಎರಡನೆಯ ವಾರ ಏನೂ ಇರಲಿಲ್ಲ. ಕೋಟೆ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಅದು ಹೋಗುವುದನ್ನು ದಿನಾ ನೋಡಿದೆ. 'ನಾನು ತಪ್ಪು, ಚೆಲುವರಾಜು ಸರಿ' ಎಂಬ ನಾಲ್ಕು ಮಾತು ಹೇಳಲು ಅಷ್ಟು ದೂರ ಹೋಗಬೇಕೇ ಎನಿಸುತ್ತಿತ್ತು. ಮೂರನೆಯ ವಾರ ಸರೋಜ ನನ್ನ ಚಪ್ಪಲಿ ತಂದು ಬಾಗಿಲಲ್ಲಿಟ್ಟಳು. ಬಸ್ಸು ಹತ್ತಿದೆ.

ಗುಡ್ಡದ ಪಡುವಣ ಮಗ್ಗುಲಲ್ಲಿ ದೊಡ್ಡ ಗುಂಡಿಯಿತ್ತು. ಕೆಳಗೆ ಆರೇಳು ಹೆಂಗಸರು ಸಾಲಾಗಿ ಕೂತು ಜಲ್ಲಿ ಕುಟ್ಟುತ್ತಿದ್ದರು. ಕಪ್ಪು ಚೂರು, ಬಿಳಿ ಚೂರು, ಎಲ್ಲಾ ಒಂದೇ ರಾಶಿಯಲ್ಲಿ. ಯಾವುದು ಯಾವುದನ್ನು ಸೀಳಿತ್ತೋ ಇನ್ನು ದೇವರಿಗೇ ಗೊತ್ತು.

ಕಾಳೇಗೌಡರು ಮಜ್ಜಿಗೆ ಕೊಟ್ಟರು. ನಾನು ತಡವರಿಸುತ್ತಾ ಎಲ್ಲವನ್ನೂ ಹೇಳಿದೆ. ಗಂಟೆ ಒತ್ತಿದ್ದನ್ನೂ ಹೇಳಿದೆ.

"ನೀವ್ ಓದ್ದೋರು ಅಂತ ನಂಬುದ್ವಲ್ಲಾ ಮೇಷ್ಟ್ರೇ. ಒಂದ್ ಬಂಡೆ ಬುಡದು ನಮ್ಗೇನ್ ಕಷ್ಟ ಆಗಿತ್ತು?"

ನನ್ನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಈಗಲೂ ಹೇಳುತ್ತೇನೆ, ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ನನಗೆ ಉತ್ತರ ಬೇಕಾಗಿರಲಿಲ್ಲ. ಅವನು ಬೀಳುವುದನ್ನು ನೋಡಬೇಕಾಗಿತ್ತು. ನಮ್ಮ ಸಭೆಗಳಲ್ಲಿ, ಆಫೀಸುಗಳಲ್ಲಿ, ಬೀಗರ ಪಂಕ್ತಿಯಲ್ಲಿ ಎದ್ದು ನಿಲ್ಲುವ ಅನುಮಾನಗಳಲ್ಲಿ ಎಷ್ಟು ತಲೆಯಿಂದ ಬಂದವು, ಎಷ್ಟು ಹೊಟ್ಟೆಯಿಂದ ಬಂದವು?

ಚೆಲುವರಾಜುವಿಗೆ ನಾಲ್ಕು ಪುಟ ಕಾಗದ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ಮೊನ್ನೆ ಉತ್ತರ ಬಂತು. ಬಂಡೆ ಹೋದದ್ದಕ್ಕೆ ಬೇಸರವಾಗಿದೆ ಎಂದು ಒಂದು ಸಾಲು. ಅಂಥದೇ ಇನ್ನೊಂದು ಜಾಗ ಹುಡುಕಲು ಬೇಸಿಗೆಯಲ್ಲಿ ಬರುತ್ತೇನೆ, ನೀನೂ ಜೊತೆಗೆ ಬಾ ಎಂದು ಇನ್ನೊಂದು. ಕೊನೆಯಲ್ಲಿ, ನಿನ್ನ ಪ್ರಶ್ನೆ ಚೆನ್ನಾಗಿತ್ತು, ನಾನು ಬರೆಯುತ್ತಿರುವ ಲೇಖನದಲ್ಲಿ ಅದನ್ನು ನಿನ್ನ ಹೆಸರಿನಲ್ಲೇ ಎತ್ತಿಕೊಳ್ಳುತ್ತೇನೆ, ಆ ಮ್ಯಾಗಜೀನಿನ ವಿವರ ಕಳಿಸು ಎಂದು ಬರೆದಿದ್ದ.

ಓದಿ ಕಣ್ಣು ತುಂಬಿತು, ನಾಚಿಕೆಯಾಯಿತು, ಎಲ್ಲಾ ಸರಿ. ಆದರೆ ಎಲ್ಲಕ್ಕಿಂತ ಮೊದಲು ನನಗೆ ಅನಿಸಿದ್ದು ಇದು: ಇಷ್ಟು ಒಳ್ಳೆಯವನಾಗುವುದಕ್ಕೂ ಇವನೇ ಬೇಕಿತ್ತೇ?