ಹನ್ನೊಂದು ಹುಡುಗಿಯರ ಹಾಜರಿ

ಕೊಪ್ಪಳದ ನಮ್ಮ ಹೆಣ್ಣುಮಕ್ಕಳ ಸಾಲೆಯಲ್ಲಿ ಹಾಕಿ ತಂಡ ಇದ್ದದ್ದು ಹದಿನಾಲ್ಕು ತಿಂಗಳು. ನಿಜಾಮರ ಕಾಲ. ಹೈದರಾಬಾದಿನಿಂದ ಬಂದ ಅಕ್ಕೋರು, ಅಂದರೆ ನಮ್ಮ ಶಿಕ್ಷಕಿ, ಆಟ ಕಲಿಸಿದರು. ಬಡಿಗ ಬಾಗಿದ ಜಾಲಿಯ ಟೊಂಗೆ ಹುಡುಕಿ ಕೋಲು ಮಾಡಿಕೊಟ್ಟ. ಹುಡುಗಿಯರು ಸರಿಯಾಗಿ ಹನ್ನೊಂದು. ನಾನು ಎಲ್ಲರಿಗಿಂತ ಚಿಕ್ಕವಳು, ಓಟದಲ್ಲಿ ಹಿಂದೆ. ಅಕ್ಷರ ದುಂಡಗಿದ್ದುದರಿಂದ ಹಾಜರಿ ನನ್ನ ಪಾಲಿಗೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಬಂದರೆ ಗೆರೆ, ಬಾರದಿದ್ದರೆ ಸೊನ್ನೆ. ಅಮಾವಾಸ್ಯೆಯ ದಿನ ಆಟ ಇಲ್ಲ. ಆ ಚೌಕವನ್ನು ಮಸಿಯಿಂದ ತುಂಬುತ್ತಿದ್ದೆ.

ನಮ್ಮ ಮನೆಯಲ್ಲೇ ಬೆಳೆದ ಸೋದರತ್ತೆಯ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ತಂಡದ ಗೋಲುಗಳಲ್ಲಿ ಮೂವತ್ತೊಂದು ಅವಳವು. ಗಂಗಾವತಿಯ ಹುಡುಗಿಯರೊಂದಿಗಿನ ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಹುಡುಗಿ ದೊಡ್ಡವಳಾದರೆ ಸಾಲೆ, ಆಟ ಎರಡೂ ಬಂದ್. ಆಮೇಲೆ ಗಂಡು ಹುಡುಕುವುದೊಂದೇ ಕೆಲಸ.

ಪಟ್ಟಿ ಎಷ್ಟು ಅಚ್ಚುಕಟ್ಟಾಗಿದೆ ಎಂದು ತೋರಿಸಲು ಅಜ್ಜಿಯ ಮುಂದೆ ಬಿಚ್ಚಿದೆ. ಅವಳಿಗೆ ಓದು ಬಾರದು.

"ಈ ಕರಿದು ಏನ?"

"ಅಮಾಸಿ, ಅಜ್ಜಿ."

"ಈ ಉಂಡಿ ಯಾರಿಗೆ ಕಟ್ಟೀಯವ್ವಾ?"

"ಉಂಡಿ ಅಲ್ಲ, ಸೊನ್ನಿ. ಅಕ್ಕಂದು. ಹೊಟ್ಟಿನೋವು ಅಂತ ಬಂದಿಲ್ಲ."

ಅಜ್ಜಿಯ ಬೆರಳು ಸಾಲಿನ ಗುಂಟ ಹೋಯಿತು. ಅಮಾವಾಸ್ಯೆ ಕಳೆದು ಮೂರು ಸೊನ್ನೆ. ಮತ್ತೆ ಅಮಾವಾಸ್ಯೆ, ಮತ್ತೆ ಮೂರು. ಐದು ಸಲ ಹಾಗೆಯೇ.

"ಐದು ತಿಂಗಳಾತು," ಎಂದಳು. "ಅಷ್ಟೂ ದಿನ ಆಕಿ ಕೈಲೇ ದೇವರ ದೀಪ ಹಚ್ಚಿಸೀನಲ್ಲ."

ಸಂಜೆ ಅಕ್ಕನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದಾಗ ನನಗೆ ಅರ್ಥವಾಯಿತು. ಆಟ ಬಿಡಿಸುತ್ತಾರೆಂದು ಅವಳು ಐದು ತಿಂಗಳು ಮುಚ್ಚಿಟ್ಟಿದ್ದಳು. ನಾನು ಒಂದು ದಿನವೂ ತಪ್ಪದೆ ಬರೆದಿಟ್ಟಿದ್ದೆ.

ಮರುದಿನ ಓಣಿಯ ತಾಯಂದಿರು ಬಂದು ತಮ್ಮ ಮಕ್ಕಳ ಸಾಲು ಯಾವುದೆಂದು ಕೇಳಿದರು. ನಾನು ಪಟ್ಟಿ ಹರಿದು ಒಲೆಗೆ ಹಾಕಿದೆ. ಅದೂ ತಪ್ಪಾಯಿತು.

"ಸುಟ್ಟಾಳ ಅಂದ್ರ ಏನೋ ಐತಿ," ಎಂದಳು ಒಬ್ಬಳು.

ಎರಡು ದಿನದಲ್ಲಿ ನಾಲ್ವರನ್ನು ಬಿಡಿಸಿದರು. ಉಳಿದವರು ಆರು. ಅಕ್ಕೋರು ಪಂದ್ಯ ಬೇಡವೆಂದು ಗಂಗಾವತಿಗೆ ಕಾಗದ ಬರೆದರು.

ಅಕ್ಕನಿಗೆ ನವಲಿಯಲ್ಲಿ ಗಂಡು ಗೊತ್ತಾಯಿತು. ಮದುವೆಯಾಗಿ ಹೊರಡುವ ಮುಂಜಾನೆ ನನ್ನನ್ನು ಕೇಳಿದಳು:

"ನನ್ನ ಜಾಗಾದಾಗ ಯಾರು ಆಡ್ತಾರ?"

"ಯಾರೂ ಇಲ್ಲ. ತಂಡನ ಇಲ್ಲ."

"ಛಲೋ ಆತು ಬಿಡು. ಅಲ್ಲಿ ಕುಂತು ನೆನಸೋದು ಒಂದು ಕಡಿಮಿ ಆತು," ಎಂದು ಬಂಡಿ ಹತ್ತಿದಳು.