ಹಸಿರು ಮುಟ್ಟದ ಸಾನ್ವಿ

ಮೂರು ವರ್ಷದ ಹಿಂದೆ, ನಿವೃತ್ತಿ ಹತ್ತಿರವಿದ್ದಾಗ, ಬಾಳೆಹೊನ್ನೂರಿನಿಂದ ಒಳಗೆ ಕಾಫಿ ತೋಟಗಳ ನಡುವಿನ ಒಂದು ಅಂಗನವಾಡಿಯಲ್ಲಿ ನಾನು ಕಾರ್ಯಕರ್ತೆಯಾಗಿದ್ದೆ. ಗಲಾಟೆ ಮಾಡುವ ಮಕ್ಕಳೆಂದರೆ ನನಗೆ ಇಷ್ಟ. ತೀರಾ ಸುಮ್ಮನಿರುವವರನ್ನು ಕಂಡರೆ ಭಯ. ನಾಲ್ಕು ವರ್ಷದ ಸಾನ್ವಿ ಸುಮ್ಮನಿರುವವಳು.

ಬಣ್ಣ ಕಲಿಸಲು ನನ್ನದೇ ಒಂದು ಆಟವಿತ್ತು. ಅಂಗಳದ ದಾಸವಾಳದ ಗಿಡಕ್ಕೆ ಕೆಂಪು, ಹಸಿರು, ಹಳದಿ ಬಾಟಲಿ ಮುಚ್ಚಳಗಳನ್ನು ದಾರದಿಂದ ತೂಗುಬಿಡುವುದು. ನಾನು ಕೂಗಿದ ಬಣ್ಣದ ಮುಚ್ಚಳವನ್ನು ಮಕ್ಕಳು ಬಿಡಿಸಿ ತರಬೇಕು. ತಾಯಂದಿರ ಸಭೆಯ ದಿನ ಸಾನ್ವಿ ಕೆಂಪನ್ನು ಓಡಿಹೋಗಿ ತಂದಳು. "ಹಸಿರು" ಎಂದೆ. ಗಿಡದ ಮುಂದೆ ಕೈ ಹಿಂದೆ ಕಟ್ಟಿ ನಿಂತುಬಿಟ್ಟಳು. ಎಷ್ಟು ಪುಸಲಾಯಿಸಿದರೂ ಅಷ್ಟೇ. ಯಾರೋ ಕಿಸಕ್ಕನೆ ನಕ್ಕರು. ಅವಳ ತಾಯಿ ರೇಖಾಳ ಮುಖ ಬಾಡಿತು.

ಮರುದಿನ ಬೆಳಿಗ್ಗೆ ರೇಖಾ ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಳು. "ಇವ್ಳಿಗೆ ಓದು ಹತ್ತಲ್ಲ ಟೀಚರ್, ನನ್ ಥರಾನೇ. ಇನ್ಮೇಲೆ ನನ್ ಜೊತೆ ತೋಟಕ್ಕೇ ಕರ್ಕೊಂಡ್ ಹೋಗ್ತೀನಿ."

"ಎಂತ ಮಾತು ಅಂತ ಆಡ್ತೀಯ ಮಾರಾಯ್ತಿ! ಸ್ವಲ್ಪ ಹೊತ್ತು ಇಲ್ಲೇ ಕೂತು ನೋಡು," ಎಂದು ಗದರಿದೆ. ಧೈರ್ಯವೆಲ್ಲ ಬಾಯಲ್ಲಿ ಮಾತ್ರ. ಆ ಮಗು ಒಮ್ಮೆ ಬಿಟ್ಟು ಹೋದರೆ ಮತ್ತೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಮಕ್ಕಳನ್ನು ಅಂಗಳಕ್ಕೆ ಬಿಟ್ಟೆ. ತುಂಟ ಚಿರಾಗ್ ಸೀದಾ ಹೋಗಿ ಒಂದು ಹಸಿರು ಮುಚ್ಚಳಕ್ಕೆ ಕೈ ಹಾಕಿದ. ಎಂದೂ ಬಾಯಿ ಬಿಡದ ಸಾನ್ವಿ ಅವನ ಕೈಗೆ ಫಟ್ಟನೆ ಹೊಡೆದಳು.

"ಏಯ್, ಕಾಯಿ ಕೊಯ್ಬೇಡ್ವೋ! ರೈಟ್ರು ಅಮ್ಮಂಗೆ ಬಯ್ತಾರೆ!"

ನನಗೆ ಆಗ ಹೊಳೆಯಿತು. ಅದು ಫ್ಲೈ ಪಿಕಿಂಗ್ ಕಾಲ. ಕಾಫಿ ಗಿಡದಲ್ಲಿ ಮೊದಲು ಹಣ್ಣಾದವನ್ನು ಮಾತ್ರ ಆರಿಸಿ ಕೊಯ್ಯುವ ಕೆಲಸವದು. ಚೀಲದಲ್ಲಿ ಹಸಿರು ಕಾಯಿ ಕಂಡರೆ ಮೇಲ್ವಿಚಾರಣೆಯ ರೈಟರು ಬಿಡುವುದಿಲ್ಲ. ಮಗು ರಜೆಯ ದಿನಗಳಲ್ಲಿ ತೋಟದಲ್ಲಿ ತಾಯಿಯ ಬೆನ್ನಿಗೇ ಇರುತ್ತಿತ್ತು.

"ಅಯ್ಯೋ, ಮುಟ್ಬೇಡ ಅಂತ ಕೈ ಮೇಲೆ ಹೊಡ್ದು ಕಲಿಸಿದ್ದು ನಾನೇ ಟೀಚರ್," ಎಂದು ರೇಖಾ ಕಣ್ಣಿಗೆ ಸೆರಗು ಒತ್ತಿಕೊಂಡಳು.

ನಾನು ಆಟ ಬದಲಿಸಿದೆ. "ಸಾನ್ವಿ, ಇದು ಕಾಫಿ ಅಲ್ಲ, ಬಸಳೆ ಚಪ್ಪರ. ಸಾರಿಗೆ ಸೊಪ್ಪು ಬೇಕಲ್ಲ?"

ಅವಳು ತಾಯಿಯ ಮುಖ ನೋಡಿದಳು. ರೇಖಾ ತಲೆಯಾಡಿಸಿದಳು. ಆಮೇಲೆ ನೋಡಬೇಕಿತ್ತು ಆ ಹುಡುಗಿಯ ಭರಾಟೆ! ಲಂಗದ ಮಡಿಲು ತುಂಬ ಹಸಿರು ಮುಚ್ಚಳ, ಅದರಲ್ಲಿ ಬೇರೆ ಬಣ್ಣ ಒಂದೂ ಇಲ್ಲ. ಸಂತೋಷಕ್ಕೆ ನಾನೇ ಚಪ್ಪಾಳೆ ತಟ್ಟಿದೆ.

ಮಗುವಿಗೆ ಬರುವುದಿಲ್ಲ ಎನ್ನುವ ಮೊದಲು, ಅದಕ್ಕೆ ಆಗಲೇ ಏನು ಬರುತ್ತದೆ ಎಂದು ನೋಡಬೇಕು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

ಹೊರಡುವಾಗ ರೇಖಾ ಮಗಳ ಕೈ ಹಿಡಿದು, ಗಿಡದಲ್ಲಿ ಉಳಿದಿದ್ದ ಹಳದಿ ಮುಚ್ಚಳ ತೋರಿಸಿ, "ಇದ್ಯಾಕೆ ಬಿಟ್ಟೆ ಮಗಾ?" ಎಂದಳು.

"ಅದು ಹಣ್ಣಾಗ್ತಾ ಇದೆ ಅಮ್ಮ. ನಾಳೆ ಬಂದು ನೋಡ್ತೀನಿ."

ರೇಖಾ ಮಗಳ ಕೈ ಬಿಟ್ಟು, ಒಬ್ಬಳೇ ತೋಟದ ದಾರಿ ಹಿಡಿದಳು.